ಬಿಳಿ ನಿಲುವಂಗಿಯವರ ಬೆರಕೆ ಸೊಪ್ಪು

ಪರ್ತ್: ಹಿಟ್ಟು

ಪರ್ತ್ ವಿಮಾನ ನಿಲ್ದಾಣದಲ್ಲಿ ನನ್ನನ್ನು ತಡೆದದ್ದು ಪಾಸ್‌ಪೋರ್ಟಲ್ಲ, ವೀಸಾ ಅಲ್ಲ, ನಮ್ಮವ್ವ ಕಟ್ಟಿಕೊಟ್ಟ ರಾಗಿ ಹಿಟ್ಟು. ಹಳೆಯ ಸೀರೆಯ ದೊಡ್ಡ ತುಂಡಿನಲ್ಲಿ ಸುತ್ತಿ ಗಂಟು ಹಾಕಿ, ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಚೀಲಕ್ಕೂ ಒಂದು ಗಂಟು ಹಾಕಿದ್ದಳು. ಅಧಿಕಾರಿ ಎರಡೂ ಗಂಟು ಬಿಚ್ಚುವಷ್ಟರಲ್ಲಿ ನನ್ನ ಹಿಂದಿನ ಸಾಲು ಸಿಂಗಾಪುರದವರೆಗೆ ಬೆಳೆದಿತ್ತು.

“ಇದೇನು?” ಎಂದ.

“ಊಟ.”

“ಹೇಗೆ ತಿನ್ನುತ್ತೀರಿ?”

“ಕುದಿಯುವ ನೀರಿಗೆ ಹಾಕಿ, ಕೋಲಿನಲ್ಲಿ ತಿರುವಿ, ಉಂಡೆ ಕಟ್ಟಿ ನುಂಗುತ್ತೇವೆ.”

“ಅಗಿಯುವುದಿಲ್ಲವೇ?”

“ಇಲ್ಲ.”

ಅವನು ನನ್ನ ಮುಖವನ್ನೂ ಹಿಟ್ಟಿನ ಬಣ್ಣವನ್ನೂ ಒಂದು ಸಲ ನೋಡಿ, ಹಿಟ್ಟನ್ನು ಕಸದ ಡಬ್ಬಕ್ಕೆ ಸುರಿದುಬಿಟ್ಟ. ಅಗಿಯದೆ ನುಂಗುವ ಜನರನ್ನು ದೇಶದೊಳಗೆ ಬಿಡುವುದೇ ದೊಡ್ಡ ಉಪಕಾರ ಎಂಬಂತೆ ನನ್ನನ್ನು ಮಾತ್ರ ಒಳಗೆ ಬಿಟ್ಟ. ಸೀರೆ ತುಂಡನ್ನಾದರೂ ಕೊಡಿ ಎಂದೆ. ಕೊಡವಿ ಕೊಟ್ಟ.

ನಾನು ಮಾಗಡಿ ಕಡೆಯವಳು. ಅಪ್ಪ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದ. ಅವ್ವ ಕೂಲಿಗೆ ಹೋದ ಹೊಲಗಳ ಬದುವಿನಲ್ಲಿ ಸೊಪ್ಪು ಕುಯ್ದು ಮಡಿಲಿಗೆ ಹಾಕಿಕೊಂಡು ಬರುತ್ತಿದ್ದಳು. ನಮ್ಮ ಮನೆತನದಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೇ ಮೊದಲು, ಬಿ.ಎ., ಎಂ.ಎ., ಪಿಎಚ್.ಡಿ. ಎಲ್ಲವೂ ನನ್ನಿಂದಲೇ ಶುರು. ಇದನ್ನು ನಾನು ಹೇಳಿಕೊಳ್ಳದೆ ಬಿಡುವುದಿಲ್ಲ, ಏಕೆಂದರೆ ನನ್ನ ಪರವಾಗಿ ಹೇಳುವವರು ಇನ್ನೂ ಯಾರೂ ಓದಿಲ್ಲ.

ಮಾನವಶಾಸ್ತ್ರ ಹಿಡಿದೆ. ನಮ್ಮೂರ ಮಾರಮ್ಮನ ಮೇಲೆ ಪಿಎಚ್.ಡಿ. ಮಾಡುತ್ತೇನೆ ಎಂದಾಗ ನನ್ನ ಗೈಡ್, “ಮಾರಮ್ಮನ ಮೇಲೆ ಆಗ್ಲೇ ಸಾಕಷ್ಟು ಜನ ಕೂತಿದ್ದಾರಮ್ಮ. ನೀನು ಆಫ್ರಿಕಾ ಮಾಡು” ಎಂದರು.

“ಸರ್, ಹೋಗೋದು ಹೇಗೆ?”

“ಲೈಬ್ರರಿಗೆ ಬಸ್ಸಿದ್ಯಲ್ಲ.”

ಹಾಗಾಗಿ ನಾನು ಬಸ್ಸಿನಲ್ಲಿ ಆಫ್ರಿಕಾಕ್ಕೆ ಹೋಗಿಬಂದವಳು. ಅಲ್ಲಿನ ಕೆಲವು ಜನ ಪಾದ್ರಿಗಳು ತಂದ ಕ್ರಿಸ್ತನನ್ನು ಇಟ್ಟುಕೊಂಡು, ಪಾದ್ರಿಗಳನ್ನು ಕೈಬಿಟ್ಟು, ತಮ್ಮದೇ ಹಾಡು, ಕನಸು, ಮೈದುಂಬುವಿಕೆ, ಮರದ ನೆರಳುಗಳ ಜೊತೆ ಅವನನ್ನು ಸೇರಿಸಿಕೊಂಡು ಸ್ವಂತ ಸಭೆಗಳನ್ನು ಕಟ್ಟಿಕೊಂಡಿದ್ದಾರೆ. ಬಿಳಿ ನಿಲುವಂಗಿ ತೊಟ್ಟು, ಬರಿಗಾಲಲ್ಲಿ, ಬಯಲಲ್ಲಿ ಕೂತು ಪ್ರಾರ್ಥಿಸುತ್ತಾರೆ. ಇದಕ್ಕೆ ‘ಬೆರಕೆ ಧರ್ಮ’ ಎಂದು ಕನ್ನಡದಲ್ಲಿ ಹೆಸರಿಟ್ಟವಳು ನಾನು. ಅಂಥ ಸಭೆಯ ಒಬ್ಬ ಮನುಷ್ಯನನ್ನೂ ಕಂಡಿರಲಿಲ್ಲ. ತೊಂಬತ್ತರ ದಶಕದ ನಡುವಿನ ಒಂದು ಸೆಪ್ಟೆಂಬರಿನಲ್ಲಿ ಬ್ರಿಸ್ಬೇನಿನ ವಿಚಾರ ಸಂಕಿರಣಕ್ಕೆ ಕರೆ ಬಂದಾಗ, ಅದೇ ‘ಬೆರಕೆ’ಯನ್ನು ಇಂಗ್ಲಿಷ್ ಮಾಡಿ ಪ್ರಬಂಧದ ತಲೆಯ ಮೇಲೆ ಕೂರಿಸಿ ಕಳಿಸಿದೆ. ಓದುವ ಮೊದಲು ಒಂದು ಸಲವಾದರೂ ಕಣ್ಣಾರೆ ನೋಡಬೇಕು ಎಂಬ ಆಸೆ ಮಾತ್ರ ಉಳಿದಿತ್ತು.

ಆ ಆಸೆಗೆ ದಾರಿ ಮಾಡಿದವರು ಲೀನಾ ಆಂಟಿ. ಮಂಗಳೂರಿನ ಕಥೋಲಿಕರು, ಕುವೈತಿನಲ್ಲಿ ಬಹಳ ವರ್ಷ ಇದ್ದು ಪರ್ತಿಗೆ ಬಂದವರು. ಅವರ ತಂಗಿ ನಮ್ಮ ಕಾಲೇಜಿನ ಹಾಸ್ಟೆಲ್ ವಾರ್ಡನ್. ವಾರ್ಡನ್ ನನ್ನ ಸಂಶೋಧನೆಯ ವಿಷಯ ಹೇಳಿದಾಗ ಲೀನಾ ಆಂಟಿ ಫೋನಿನಲ್ಲಿ, “ಆಫ್ರಿಕಾದವ್ರಾ? ನಮ್ಮ ಮನೆ ಹತ್ರದ ಪಾರ್ಕಲ್ಲೇ ಕೆಲವರು ಬಿಳಿ ನೈಟಿ ಹಾಕಿ ಪ್ರಾರ್ಥನೆ ಮಾಡ್ತಾರೆ ಮಾರಾಯ್ತಿ. ಬೇಕಾದ್ರೆ ಬಂದು ನೋಡ್ಲಿ” ಎಂದಿದ್ದರು. ಬ್ರಿಸ್ಬೇನಿಗೆ ಹೋಗುವವಳು ದೇಶದ ಇನ್ನೊಂದು ತುದಿಯ ಪರ್ತಿನಲ್ಲಿ ಇಳಿದದ್ದು ಆ ಬಿಳಿ ನೈಟಿಗಳಿಗಾಗಿ.

ಥಾರ್ನ್ಲಿ: ಸರ್ವೋ

ಲೀನಾ ಆಂಟಿಯ ಮನೆ ಥಾರ್ನ್ಲಿಯಲ್ಲಿ. ಆಂಟಿ ಅಲ್ಲಿನ ಶಾಪಿಂಗ್ ಸೆಂಟರಿನ ಅಂಗಡಿಯೊಂದರಲ್ಲಿ ಕೌಂಟರಿನಲ್ಲಿ ಕೂರುತ್ತಿದ್ದರು. ಗಂಡ ಗ್ರೆಗರಿ ಅಂಕಲ್ ಮೋರ್ಲಿಯ ಕಡೆ ಎಸಿ ರಿಪೇರಿಗೆ ಹೋಗುತ್ತಿದ್ದರು. ಮಗಳು ಶೈನಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವಳು ಇಂಗ್ಲಿಷಿನಲ್ಲಿ ಎಸೆಯುತ್ತಿದ್ದಳು.

“ಆ ಬಿಳಿ ಬಟ್ಟೆಯವರು ಯಾವಾಗ ಬರ್ತಾರೆ ಶೈನಿ? ಎಲ್ಲಿ?”

“ಸ್ಯಾಟರ್ಡೇ ಆರ್ವೋ. ಬಿಹೈಂಡ್ ದ ಸರ್ವೋ.”

ನಾನು ಆಫ್ರಿಕಾದ ಸಭೆಗಳ ವಿಚಿತ್ರ ಹೆಸರುಗಳನ್ನೆಲ್ಲ ಓದಿದವಳು. ‘ಆರ್ವೋ’ ಎಂಬುದು ಪಂಥದ ಹೆಸರು, ‘ಸರ್ವೋ’ ಅವರ ಸರ್ವಿಸ್, ಅಂದರೆ ಪ್ರಾರ್ಥನೆ ಎಂದು ತೀರ್ಮಾನಿಸಿಬಿಟ್ಟೆ. ಪುಸ್ತಕಗಳಲ್ಲಿ ಇಲ್ಲದ ಒಂದು ಪಂಥ ನನ್ನ ಕೈಗೆ ಸಿಕ್ಕಿತು ಎಂದು ಒಳಗೊಳಗೇ ಬೀಗಿದೆ.

ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ, ಅವ್ವನ ಸೀರೆ ತುಂಡನ್ನು ತಲೆಗೆ ಕಟ್ಟಿಕೊಂಡು ಹೊರಟೆ. ಬೀದಿಯಲ್ಲಿ ಚಡ್ಡಿ ತೊಟ್ಟ ಒಬ್ಬ ಹಿರಿಯ ಬರಿಗಾಲಲ್ಲಿ ಬರುತ್ತಿದ್ದ. ಈ ಊರಿನಲ್ಲಿ ಬರಿಗಾಲಲ್ಲಿ ಅಂಗಡಿಗೂ ಹೋಗುತ್ತಾರೆ. ನಮ್ಮಪ್ಪ ಚಪ್ಪಲಿಯಿಲ್ಲದೆ ಓಡಾಡಿದರೆ ಅದು ಬಡತನ. ಇವರು ಓಡಾಡಿದರೆ ಅದು ಶನಿವಾರ.

“ಆರ್ವೋಗಳ ಸರ್ವೋ ಎಲ್ಲಿ ನಡೆಯುತ್ತದೆ?” ಎಂದು ಕೇಳಿದೆ.

ಆತ, “ಸರ್ವೋ ಮೂಲೆಯಲ್ಲಿದೆ ಕಣಮ್ಮ. ಆರ್ವೋತನಕ ಕಾಯಬೇಕಿಲ್ಲ, ದಿನವಿಡೀ ತೆರೆದಿರುತ್ತದೆ” ಎಂದ.

ಮೂಲೆಯಲ್ಲಿದ್ದದ್ದು ಪೆಟ್ರೋಲ್ ಬಂಕು. ಇದರೊಳಗೆ ಎಲ್ಲೋ ಪ್ರಾರ್ಥನೆಯ ಕೋಣೆ ಇರಬೇಕೆಂದು, ಗಾಜಿನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಕೈಕಟ್ಟಿಕೊಂಡು ಒಳಗೆ ಹೋದೆ. ಕೌಂಟರಿನ ತರುಣ, “ಯಾವ ಪಂಪು?” ಎಂದ.

“ನಾನು ಪ್ರಾರ್ಥನೆಗೆ ಬಂದಿದ್ದೇನೆ.”

“ಈಗಿನ ರೇಟಿಗೆ ಎಲ್ಲರೂ ಅದನ್ನೇ ಮಾಡ್ತಾರೆ” ಎಂದು, ಮತ್ತೆ “ಯಾವ ಪಂಪು?” ಎಂದ.

ಹೀಗೆ ಆರ್ವೋ ಪಂಥ ನನ್ನ ಕಣ್ಣೆದುರಿಗೇ ನಶಿಸಿಹೋಯಿತು. ಈ ದೇಶದವರಿಗೆ ಪೂರ್ತಿ ಪದ ಹೇಳುವಷ್ಟು ಸಮಯವಿಲ್ಲ: ಆಫ್ಟರ್‌ನೂನ್ ಆರ್ವೋ ಆಗುತ್ತದೆ, ಸರ್ವಿಸ್ ಸ್ಟೇಷನ್ ಸರ್ವೋ. ಮನೆಗೆ ಹೋಗಿ ಮಧ್ಯಾಹ್ನ ಮತ್ತೆ ಬಂದೆ. ಬಂಕಿನ ಹಿಂದಿನ ಪಾರ್ಕಿನಿಂದ ಹಾಡು ಕೇಳುತ್ತಿತ್ತು.

ಮರದ ಕೆಳಗೆ

ದೊಡ್ಡ ನೀಲಗಿರಿ ಮರ. ಕೆಳಗೆ ಬಿಳಿ ನಿಲುವಂಗಿಯ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಹುಲ್ಲಿನ ಅಂಚಿನಲ್ಲಿ ಸಾಲಾಗಿ ಬಿಟ್ಟ ಬೂಟು, ಚಪ್ಪಲಿ. ಪುಸ್ತಕದಲ್ಲಿ ಇಷ್ಟು ವರ್ಷ ಕಪ್ಪು ಅಕ್ಷರವಾಗಿದ್ದವರು ಈಗ ಸೀನುತ್ತಿದ್ದರು, ಮಕ್ಕಳನ್ನು ಗದರುತ್ತಿದ್ದರು.

ಚಪ್ಪಲಿ ಬಿಡುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ. ಗತ್ತಿನಿಂದ ಬಿಟ್ಟು ಹುಲ್ಲಿಗೆ ಕಾಲಿಟ್ಟೆ. ಇಟ್ಟ ಕಾಲಿಗೇ ಮುಳ್ಳು. ನಮ್ಮ ನೆಗ್ಗಿಲು ಮುಳ್ಳಿನ ದೊಡ್ಡಪ್ಪನ ಹಾಗಿತ್ತು. “ಅಯ್ಯವ್ವ” ಎಂದು ಒಂಟಿ ಕಾಲಲ್ಲಿ ನಿಂತುಬಿಟ್ಟೆ. ಹಾಡು ನಿಲ್ಲಲಿಲ್ಲ, ಆದರೆ ಹಾಡುವವರೆಲ್ಲ ನನ್ನತ್ತ ತಿರುಗಿದರು. ದಪ್ಪನೆಯ ಒಬ್ಬ ಹೆಂಗಸು ಎದ್ದು ಬಂದು ನನ್ನ ಪಾದವನ್ನು ತಮ್ಮ ಮಂಡಿಯ ಮೇಲಿಟ್ಟುಕೊಂಡು ಮುಳ್ಳು ಕಿತ್ತರು.

“ಇದೂ ಆಫ್ರಿಕಾದಿಂದಲೇ ಬಂದದ್ದು. ನಮಗಿಂತ ಮೊದಲೇ ಬಂದಿದೆ. ಇದನ್ನು ಯಾರೂ ವೀಸಾ ಕೇಳಲಿಲ್ಲ” ಎಂದರು.

ಅವರೇ ಮಾಯಿ ರುಡೊ. ಜಿಂಬಾಬ್ವೆಯವರು; ಇಲ್ಲಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಅವರ ಕಡೆ ತಾಯಂದಿರನ್ನು ಹೆಸರು ಹಿಡಿದು ಕರೆಯುವುದಿಲ್ಲ. ‘ಮಾಯಿ’ ಎಂದರೆ ತಾಯಿ, ರುಡೊ ಮಗಳ ಹೆಸರು. ಮಾಯಿ ರುಡೊ ಎಂದರೆ ರುಡೊಳ ಅಮ್ಮ. ನಮ್ಮೂರಲ್ಲೂ ಅವ್ವನನ್ನು ಯಾರೂ ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ.

“ನಿನ್ನ ಹೆಸರು?” ಎಂದರು. ಇಂಗ್ಲಿಷಿನಲ್ಲಿ ನೀನು, ನೀವು ಬೇರೆ ಬೇರೆಯಲ್ಲ. ಆದರೂ ಅವರು ನನಗೆ ‘ನೀನು’ ಎಂದೇ ಅಂದದ್ದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

“ಚಿಕ್ಕತಾಯಮ್ಮ.”

ಅವರು ಎರಡು ಸಲ ಪ್ರಯತ್ನಿಸಿ ಬಿಟ್ಟರು. “ಅರ್ಥ?”

ಈ ಹೆಸರಿನ ಬಗ್ಗೆ ನನಗೆ ಹೈಸ್ಕೂಲಿನಿಂದಲೂ ನಾಚಿಕೆ. ಜೊತೆಯವರೆಲ್ಲ ಸುಮಾ, ಶೋಭಾ ಆಗಿದ್ದಾಗ ನಾನೊಬ್ಬಳು ಚಿಕ್ಕತಾಯಮ್ಮ. “ಸಣ್ಣ ತಾಯಿ ಅಂತ” ಎಂದು ಗೊಣಗಿದೆ.

ಮಾಯಿ ರುಡೊ ಹಿಂದಕ್ಕೆ ತಿರುಗಿ ಹೆಂಗಸರಿಗೆ ಏನೋ ಹೇಳಿದರು. ಎಲ್ಲರೂ ನಕ್ಕು, “ಮೈನಿನಿ, ಮೈನಿನಿ” ಎಂದು ಕೂಗತೊಡಗಿದರು. ಅವರ ಭಾಷೆಯಲ್ಲಿ ಮೈನಿನಿ ಎಂದರೆ ಸಣ್ಣ ತಾಯಿ, ಅಂದರೆ ಅಮ್ಮನ ತಂಗಿ. ನಮ್ಮ ಚಿಕ್ಕಮ್ಮ ಹೇಗೋ ಹಾಗೆಯೇ, ಅಕ್ಷರಕ್ಕೆ ಅಕ್ಷರ. ನಮ್ಮಜ್ಜಿ ಇಟ್ಟ ಹೆಸರನ್ನು ಒಬ್ಬರೂ ತಿರುಚದೆ, ಅರ್ಥ ಸಮೇತ ಬಾಯ್ತುಂಬ ಕರೆದದ್ದು ಅದೇ ಮೊದಲು. ನಾನು ರುಡೊಳ ಮೈನಿನಿಯಾಗಿ ಹೆಂಗಸರ ನಡುವೆ ಕೂತೆ.

ಸೋರೆ ಬುರುಡೆಯ ಗಿಲಕಿಗಳು ಅಲುಗಿದವು. ಹಾಡು ಏರಿತು. ಒಬ್ಬ ತರುಣ ಪ್ರವಾದಿ ಮೈದುಂಬಿ ನಡುಗುತ್ತ ಎದ್ದ. ನನಗೆ ಗಾಬರಿಯೇನೂ ಆಗಲಿಲ್ಲ. ಮಾರಮ್ಮ ಬರುವಾಗಲೂ ಹೀಗೇ, ಮೊದಲು ಕೈ, ಆಮೇಲೆ ಗದ್ದ. ಅವನು ನೇರ ನನ್ನ ಮುಂದೆ ಬಂದು ನಿಂತು ಹೇಳಿದ್ದನ್ನು ಪಕ್ಕದವಳು ಇಂಗ್ಲಿಷಿಗೆ ತಿರುಗಿಸಿದಳು: “ನೀನು ಹಿಟ್ಟು ಹೊತ್ತು ನೀರು ದಾಟಿ ಬಂದೆ. ಹಿಟ್ಟನ್ನು ನಿನ್ನಿಂದ ಕಿತ್ತುಕೊಂಡರು. ದುಃಖಿಸಬೇಡ.”

ಮೈಯೆಲ್ಲ ರೋಮಾಂಚನ. ಅವನು ವಾರವಿಡೀ ವಿಮಾನ ನಿಲ್ದಾಣದಲ್ಲಿ ಟ್ರಾಲಿ ತಳ್ಳುತ್ತಾನೆ ಎಂದು ಆಮೇಲೆ ತಿಳಿಯಿತು. ನನ್ನ ತಲೆಯ ಮೇಲಿನ ಬಟ್ಟೆ ಇನ್ನೂ ರಾಗಿ ಹಿಟ್ಟಿನ ವಾಸನೆ ಹೊಡೆಯುತ್ತಿತ್ತು ಎಂಬುದೂ ನಿಜ. ಆದರೆ ನಮ್ಮೂರ ಮಾರಮ್ಮನ ಪೂಜಾರಿಯದೂ ಬಸ್ ಸ್ಟ್ಯಾಂಡಿನಲ್ಲೇ ಹೋಟೆಲು. ಊರ ಸುದ್ದಿಯೆಲ್ಲ ಅವನಿಗೆ ಗೊತ್ತಿರುತ್ತಿತ್ತು. ಆದರೂ ಕಳೆದ ಎಮ್ಮೆ ಸಿಗುತ್ತಿತ್ತು.

ಪ್ರಾರ್ಥನೆ ಮುಗಿದು ಊಟ ಬಂತು. ಮುಚ್ಚಳ ತೆಗೆದರೆ ಬಿಳಿ ಮುದ್ದೆ. ಮೆಕ್ಕೆಜೋಳದ ಹಿಟ್ಟಿನದು, ಸಾಡ್ಜಾ ಎನ್ನುತ್ತಾರೆ. ಹಿಂದಿನವರು ರಾಗಿಯಲ್ಲೇ ಮಾಡುತ್ತಿದ್ದರಂತೆ. ರಾಗಿಗೆ ಅವರ ಕಡೆ ರಪೋಕೊ ಎಂದು ಹೆಸರು. ಪಕ್ಕದಲ್ಲಿ ಬೇಯಿಸಿದ ಸೊಪ್ಪು. ಬೆರಳಲ್ಲಿ ಕೆದಕಿ ನೋಡಿದೆ: ನಮ್ಮ ಗಣಿಕೆ ಸೊಪ್ಪು. ಮಾಯಿ ರುಡೊ ತಮ್ಮ ಶಾಲೆಯ ಬೇಲಿಯ ಬುಡದಲ್ಲಿ ಕುಯ್ದು ತಂದದ್ದು.

ವಾರದಿಂದ ಬ್ರೆಡ್ಡು ತಿಂದ ಬಾಯಿ. ಮುದ್ದೆ ಮುರಿದು, ಸೊಪ್ಪಿನಲ್ಲಿ ಅದ್ದಿ, ನಮ್ಮೂರ ಕ್ರಮದಲ್ಲಿ ಗುಳುಂ ಎಂದು ನುಂಗಿದೆ. ಇನ್ನೊಂದು. ಮೂರನೆಯ ತುತ್ತಿಗೆ ಪಕ್ಕದವಳು ಕಿರುಚಿದಳು. ನಾನು ಅಗಿಯುತ್ತಿಲ್ಲ, ಗಂಟಲಿಗೆ ಸಿಕ್ಕಿಕೊಂಡಿದೆ ಎಂದು ತಿಳಿದು ಅವಳೂ ಮಾಯಿ ರುಡೊ ಅವರೂ ನನ್ನನ್ನು ಬಗ್ಗಿಸಿ ಬೆನ್ನಿಗೆ ಗುದ್ದತೊಡಗಿದರು. ಅವರು ಮುದ್ದೆಯನ್ನು ಅಗಿದು ತಿನ್ನುವ ಜನ. “ನಾವು ಹೀಗೇ ತಿನ್ನೋದು” ಎಂದು ಹೇಳಲು ಬಾಯಿ ತೆರೆದರೆ ಗುದ್ದು ಇನ್ನೂ ಜೋರಾಯಿತು. ಕೊನೆಗೆ ನಿಜವಾಗಿಯೂ ಸಿಕ್ಕಿಕೊಂಡಿತು. ಗುದ್ದು ಹಾಗಿತ್ತು.

ನೀರು ಕುಡಿಸಿದ ಮೇಲೆ ಮಾಯಿ ರುಡೊ ಕೇಳಿದರು: “ಈ ದೇಶಕ್ಕೆ ಯಾಕೆ ಬಂದೆ ಮೈನಿನಿ?”

“ಬ್ರಿಸ್ಬೇನಿನಲ್ಲಿ ಪ್ರಬಂಧ ಓದಬೇಕು.”

“ಯಾವುದರ ಮೇಲೆ?”

“ನಿಮ್ಮ ಮೇಲೆ.”

ಹೆಂಗಸರು ಖುಷಿಪಟ್ಟರು. “ಹೆಸರೇನು ಪ್ರಬಂಧಕ್ಕೆ?”

ಹೇಳಿದೆ. ಬೆರಕೆ ಎಂಬ ಆ ಇಂಗ್ಲಿಷ್ ಪದ ಬಾಯಿಂದ ಹೊರಗೆ ಬಿದ್ದ ಕೂಡಲೇ ಖುಷಿ ಇಳಿದುಹೋಯಿತು. ಒಬ್ಬಳು ನನ್ನ ಮುಂದಿನ ಸೊಪ್ಪಿನ ಪಾತ್ರೆಗೆ ಮುಚ್ಚಳ ಹಾಕಿದಳು.

“ಎರಡು ಶುದ್ಧ ವಸ್ತು ಇದ್ದರೆ ತಾನೇ ಬೆರಕೆ?” ಎಂದರು ಮಾಯಿ ರುಡೊ, ಬೋರ್ಡಿನ ಮುಂದೆ ನಿಂತ ದನಿಯಲ್ಲಿ. “ಆ ಎರಡನ್ನು ತೋರಿಸು. ಈಸ್ಟರ್ ಮೊಟ್ಟೆಯನ್ನು ಬೈಬಲಿನ ಯಾವ ಅಧ್ಯಾಯದಲ್ಲಿ ಯಾವ ಕೋಳಿ ಇಟ್ಟಿತು, ಹೇಳು. ಅವರನ್ನು ಯಾರಾದರೂ ಬೆರಕೆ ಅಂದರೇ?”

ನನ್ನ ಹತ್ತಿರ ಅಡಿಟಿಪ್ಪಣಿಗಳು ಬಹಳ ಇದ್ದವು. ಅವುಗಳಲ್ಲಿ ಒಂದು ಕೋಳಿಯೂ ಇರಲಿಲ್ಲ.

“ನನ್ನ ರುಡೊ ಬ್ರಿಸ್ಬೇನಿನಲ್ಲೇ ಓದುತ್ತಿದ್ದಾಳೆ. ಅವಳನ್ನು ನಿನ್ನ ಸಭೆಗೆ ಕಳಿಸುತ್ತೇನೆ. ನಮ್ಮನ್ನು ನೀನು ಏನೆಂದು ಕರೆದೆ ಅಂತ ಅವಳು ಬಂದು ನನಗೆ ಹೇಳುತ್ತಾಳೆ. ನೀನು ಅದೇ ಪದ ಅಂದರೂ ನಮ್ಮ ಊಟಕ್ಕೆ ಯಾವಾಗ ಬೇಕಾದರೂ ಬಾ. ಆದರೆ ಆಗ ಮೈನಿನಿ ಎಂಬ ಹೆಸರು ನಿನಗಿಲ್ಲ.”

ನಾನು ಸಂಶೋಧನೆಯಲ್ಲಿ ಬಹಳ ಷರತ್ತು ನೋಡಿದ್ದೇನೆ. ಇಂಥದ್ದನ್ನು ನೋಡಿರಲಿಲ್ಲ.

ಲೀನಾ ಆಂಟಿಯ ತೆನೆ

ಮರುದಿನ ಭಾನುವಾರ ಲೀನಾ ಆಂಟಿಯ ಮನೆಯಲ್ಲಿ ತೆನೆ ಹಬ್ಬ. ಮಂಗಳೂರಿನ ಕಥೋಲಿಕರು ಮೇರಿ ಮಾತೆಯ ಹುಟ್ಟುಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ತಂದು, ಕಾಳು ಸುಲಿದು ಹಾಲಿನಲ್ಲಿ ಹಾಕಿ ಮನೆಮಂದಿಯೆಲ್ಲ ಕುಡಿಯುತ್ತಾರೆ. ಆ ದಿನ ಮೀನಿಲ್ಲ, ಮಾಂಸವಿಲ್ಲ, ಬರೀ ತರಕಾರಿ. ಗ್ರೆಗರಿ ಅಂಕಲ್ ಬೆಳಿಗ್ಗೆಯಿಂದಲೇ ಸೂತಕದ ಮುಖ ಮಾಡಿಕೊಂಡಿದ್ದರು.

ನಾನು ಪಾರ್ಕಿನ ಕತೆ ಹೇಳಿದೆ. ಆಂಟಿ ಪಡುವಲಕಾಯಿ ಹೆಚ್ಚುತ್ತ, “ನೀವು ಬರ್ದದ್ದು ಸರಿಯೇ ಉಂಟು ಮೇಡಂ. ಅವ್ರದ್ದು ಬೆರಕೆ. ನಮ್ದು ರೋಮಿನಿಂದ ಡೈರೆಕ್ಟ್” ಎಂದರು.

ಮೇರಿ ಮಾತೆಯ ಮುಂದೆ ತಟ್ಟೆಯಲ್ಲಿ ತೆನೆಗಳಿದ್ದವು. ಹತ್ತಿರ ಹೋಗಿ ನೋಡಿದೆ. “ಆಂಟಿ, ಇದು ಭತ್ತ ಅಲ್ಲವಲ್ಲ.”

“ಗೋಧಿ. ಇಲ್ಲಿ ಭತ್ತ ಎಲ್ಲಿ ಸಿಗ್ತದೆ? ಗ್ರೆಗರಿ ಎಸಿ ರಿಪೇರಿಗೆ ಹೋದಲ್ಲಿ ಯಾರೋ ರೈತನ ಹತ್ರ ಕೇಳಿ ತಂದದ್ದು.”

“ರೈತ ಎಂತಕ್ಕೆ ಅಂತ ಕೇಳಿದ” ಎಂದರು ಅಂಕಲ್. “ಮೇರಿಯಮ್ಮನ ಬರ್ತ್‌ಡೇಗೆ ಅಂದೆ. ಅವ ಎರಡು ಹಿಡಿ ಜಾಸ್ತಿ ಕೊಟ್ಟ.”

“ಹಾಲು?”

“ತೆಂಗಿನ ಹಾಲು. ಡಬ್ಬದ್ದು, ಥಾಯ್ಲೆಂಡಿಂದು” ಎಂದ ಆಂಟಿ ನನ್ನ ಮುಖ ನೋಡಿ ಚಾಕು ಕೆಳಗಿಟ್ಟರು. “ಎಂತ ನಗ್ತೀರಿ? ಇದು ಬೆರಕೆ ಅಲ್ಲ ಮಾರಾಯ್ತಿ. ಇದು ಪದ್ಧತಿ.”

ಶೈನಿ ತಟ್ಟೆಯಿಂದ ಒಂದು ಗೋಧಿ ಕಾಳು ಬಾಯಿಗೆ ಹಾಕಿಕೊಂಡು, “ಯಮ್” ಎಂದಳು. ಹತ್ತಿರದವರು ಮಾಡಿದರೆ ಪದ್ಧತಿ, ದೂರದವರು ಮಾಡಿದರೆ ಬೆರಕೆ. ಇಷ್ಟು ಸಣ್ಣ ವಿಷಯ ನನ್ನ ದಪ್ಪ ಪಿಎಚ್.ಡಿ.ಯಲ್ಲಿ ಎಲ್ಲೂ ಇರಲಿಲ್ಲ.

ಅಡಿಲೇಡ್: ಎರಡು ಕೊಂಬು

ಅಡಿಲೇಡಿನಲ್ಲಿ ಇಳಿದದ್ದು ಪ್ರೊಫೆಸರ್ ಆಲನ್ ಅವರನ್ನು ಕಾಣಲು. ನನ್ನನ್ನು ಸಂಕಿರಣಕ್ಕೆ ಕರೆಸಿದವರು ಅವರೇ. ಒಳ್ಳೆಯ ಮನುಷ್ಯ. ಮಾತಾಡುತ್ತ ಮಾತಾಡುತ್ತ ತಮ್ಮ ಸ್ಯಾಂಡ್‌ವಿಚ್ಚಿನ ಅರ್ಧ ನನ್ನ ಕೈಗಿಟ್ಟರು. ಎಂಜಲು, ಮುಸುರೆ ಯಾವ ಲೆಕ್ಕವೂ ಇಲ್ಲ. ನಮ್ಮೂರಲ್ಲಿ ನಮ್ಮ ಕೇರಿಯವರಿಗೆ ನೀರನ್ನೂ ಮೇಲಿನಿಂದ ಹುಯ್ಯುತ್ತಿದ್ದರು. ಆ ಅರ್ಧ ಸ್ಯಾಂಡ್‌ವಿಚ್ಚನ್ನು ನಾನು ಪೂರ್ತಿ ತಿಂದೆ, ಒಳಗಿದ್ದದ್ದು ಏನೆಂದು ಕೇಳಲಿಲ್ಲ.

ಪದ ಬದಲಿಸಬೇಕು ಎಂದೆ. ಅವರು ತಲೆ ಕೆರೆದುಕೊಂಡರು. “ಗೋಷ್ಠಿಯ ಹೆಸರಲ್ಲೇ ಆ ಪದ ಇದೆ. ಎಲ್ಲ ಅಚ್ಚಾಗಿಬಿಟ್ಟಿದೆ. ಒಂದು ಕೆಲಸ ಮಾಡಿ, ಓದುವಾಗ ಉದ್ಧರಣ ಚಿಹ್ನೆ ಹಾಕಿಬಿಡಿ” ಎಂದು ಎರಡೂ ಕೈ ಎತ್ತಿ ಎರಡೆರಡು ಬೆರಳನ್ನು ಕೊಕ್ಕೆ ಮಾಡಿ ತೋರಿಸಿದರು. ವಿದ್ವಾಂಸರು ಹೀಗೆ ಗಾಳಿಯಲ್ಲಿ ಕೊಂಬು ಆಡಿಸಿದರೆ ಅಂದ ಮಾತು ಅನ್ನದ ಹಾಗಾಗುತ್ತದಂತೆ. ನಮ್ಮ ಕೇರಿಯ ನಲ್ಲಿಯ ಹತ್ತಿರ ಯಾರಾದರೂ ಬೈದು ಹೀಗೆ ಕೊಂಬು ತೋರಿಸಿದ್ದರೆ ಕೊಡ ನೆತ್ತಿಯ ಮೇಲೇ ಬೀಳುತ್ತಿತ್ತು.

ಉಳಿದುಕೊಂಡದ್ದು ಮಾಡ್ಬರಿಯಲ್ಲಿ, ನನ್ನ ಎಂ.ಎ. ಗೆಳತಿ ವತ್ಸಲಾ ಮನೆಯಲ್ಲಿ. ಮೈಸೂರಿನವಳು; ಗಂಡ ಶ್ರೀಧರ ಎಂಜಿನಿಯರ್. ಪೆಚ್ಚು ಮುಖ ಹಾಕಿಕೊಂಡು ಹಿತ್ತಲಿಗೆ ಹೋದರೆ, ಬೇಲಿಯ ಬುಡದಲ್ಲಿ ಯಾರೂ ಬಿತ್ತದ ಐಶ್ವರ್ಯ. ಗಣಿಕೆ, ಚಕ್ಕೋತ ಸೊಪ್ಪಿನ ತಮ್ಮನಂಥದ್ದೊಂದು, ಕೀರೆಯ ಎಳೆ ಕುಡಿ. ಅವ್ವ ಹೊರಡುವಾಗ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಿ ಸೊಪ್ಪು ಸಿಕ್ತದೇನವ್ವ?” ಸೆರಗು ಸಿಕ್ಕಿಸಿ ಕುಯ್ಯತೊಡಗಿದೆ.

ವತ್ಸಲಾ ಓಡಿ ಬಂದಳು. “ಲೇ, ಅದು ಕಳೆ ಕಣೆ. ಪಾಯ್ಸನ್ ಅಂತ ಪಕ್ಕದ್ಮನೆಯವ್ರು ಔಷ್ಧಿ ಹೊಡೀತಾರೆ.”

“ಪಕ್ಕದ ಮನೆಯವರು ಮಾಗಡಿಯವರಾ?”

“ಅಲ್ಲ.”

“ಮತ್ತೆ ಅವರಿಗೇನು ಗೊತ್ತು.”

ಔಷಧಿ ತಾಕದ ನಮ್ಮ ಕಡೆಯ ಬುಡದಲ್ಲಷ್ಟೇ ಕುಯ್ದೆ. ಶ್ರೀಧರ ಕಿಟಕಿಯಿಂದಲೇ, “ಮಾಡ್ಲಿ ಬಿಡು ವತ್ಸಲಾ. ಹೆಚ್ಚುಕಮ್ಮಿ ಆದ್ರೆ ಆಸ್ಪತ್ರೆ ಹತ್ರಾನೇ ಇದೆ” ಎಂದರು.

ಸೊಪ್ಪನ್ನೆಲ್ಲ ಒಟ್ಟಿಗೆ ಬೇಯಿಸಿ, ಬೇಳೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಸಾರು ಮಾಡಿದೆ. ಒಗ್ಗರಣೆಯ ಘಾಟಿಗೆ ಮನೆಯ ಬೆಂಕಿ ಅಲಾರಂ ಹೊಡೆದುಕೊಂಡಿತು. ಶ್ರೀಧರ ಕುರ್ಚಿ ಹತ್ತಿ ಅದಕ್ಕೆ ಟವೆಲ್ ಬೀಸುತ್ತಿದ್ದಾಗ ವತ್ಸಲಾ ಒಂದು ಸೌಟು ಅನ್ನಕ್ಕೆ ಹಾಕಿಕೊಂಡು ಕಲಸಿ ತಿಂದು, ಕಣ್ಣು ಮುಚ್ಚಿದಳು.

“ಬೆರಕೆ ಸೊಪ್ಪು” ಎಂದಳು. “ಇದು ಬೆರಕೆ ಸೊಪ್ಪು ಅಲ್ವೇನೇ? ಪಾಲಕ್ ತಿಂದು ತಿಂದು ನಾಲ್ಗೆ ಸತ್ತೋಗಿತ್ತು. ಬೆರಕೆ ಸೊಪ್ಪಿನ ರುಚಿ ಯಾವ ಒಂಟಿ ಸೊಪ್ಪಿಗೂ ಬರಲ್ಲ ಬಿಡು.”

ನನ್ನ ಕೈಯ ಸೌಟು ನಿಂತಿತು. ಬೆರಕೆ ಎಂಬ ಪದವನ್ನು ಇವಳು ಎಷ್ಟು ಆಸೆಯಿಂದ ಅಂದಳು. ಪಾರ್ಕಿನಲ್ಲಿ ಅದೇ ಪದ ನನ್ನ ಬಾಯಿಂದ ಎಷ್ಟು ಕೆಟ್ಟದಾಗಿ ಬಂದಿತ್ತು.

“ಶ್ರೀಧರ್, ಇಳೀರಿ. ಊಟ ಆರ್ತಿದೆ” ಎಂದಳು ವತ್ಸಲಾ.

ಬ್ರಿಸ್ಬೇನ್: ತುಪ್ಪ ಮತ್ತು ಸೊಪ್ಪು

ಬ್ರಿಸ್ಬೇನಿನಲ್ಲಿ ಆಗಲೇ ಬೆವರು. ನನ್ನ ಎದೆಗೆ ಸಿಕ್ಕಿಸಿದ ಚೀಟಿಯಲ್ಲಿ ‘ಡಾ. ಚಿಕ್’ ಎಂದಿತ್ತು, ಉಳಿದದ್ದಕ್ಕೆ ಜಾಗ ಸಾಲದೆ ಹೋಯಿತಂತೆ. ಒಬ್ಬಾತ ಅದನ್ನು ಓದಿ ನನ್ನನ್ನು ಕೋಳಿಮರಿ ಎಂದು ಕರೆಯಬೇಕೋ ಬೇಡವೋ ತಿಳಿಯದೆ ಬರಿದೇ ಕೈ ಕುಲುಕಿದ.

ವೇದಿಕೆ ಹತ್ತಿ ನೋಡಿದರೆ, ಮೂರನೆಯ ಸಾಲಿನಲ್ಲಿ ಬಿಳಿ ಬಟ್ಟೆ ತಲೆಗೆ ಕಟ್ಟಿಕೊಂಡ ಹುಡುಗಿ. ಮಾಯಿ ರುಡೊ ಅವರದೇ ಹಣೆ. ಕೈಯಲ್ಲಿ ಪೆನ್ನಿಲ್ಲ, ಕಾಗದವಿಲ್ಲ. ಬರೀ ಕಿವಿ ತಂದಿದ್ದಳು. ನನ್ನ ಪಿಎಚ್.ಡಿ. ವೈವಾಕ್ಕೂ ಇಂಥ ಪರೀಕ್ಷಕರು ಬಂದಿರಲಿಲ್ಲ.

ಅಚ್ಚಾದ ಶೀರ್ಷಿಕೆಯನ್ನು ಓದಿದೆ. ಆ ಪದ ಬಂದಾಗ ರುಡೊ ತಲೆ ತಗ್ಗಿಸಿದ್ದು ಕಂಡಿತು. ನಾನು ಕೊಂಬು ತೋರಿಸಲಿಲ್ಲ. ಕಾಗದ ಮಡಿಸಿ ಪಕ್ಕಕ್ಕಿಟ್ಟೆ.

“ನಮ್ಮ ಭಾಷೆಯಲ್ಲಿ ಇದಕ್ಕೆ ಬೆರಕೆ ಅನ್ನುತ್ತೇವೆ” ಎಂದು ಶುರು ಮಾಡಿದೆ. “ಆ ಪದವನ್ನು ಎರಡು ಕಡೆ ಬಳಸುತ್ತೇವೆ. ಒಂದು ತುಪ್ಪಕ್ಕೆ. ತುಪ್ಪ ಬೆರಕೆಯಾದರೆ ಅದು ಮೋಸ, ಅಂಗಡಿಯವನ ಜೊತೆ ಜಗಳ. ಇನ್ನೊಂದು ಸೊಪ್ಪಿಗೆ. ನಮ್ಮವ್ವ ಬೇರೆಯವರ ಹೊಲದ ಬದುವಿನಲ್ಲಿ, ಯಾರೂ ಬಿತ್ತದ, ಯಾರೂ ಕಾಯದ ಹತ್ತು ಥರದ ಎಲೆ ಕುಯ್ದು ತಂದು ಒಂದೇ ಮಡಕೆಯಲ್ಲಿ ಬೇಯಿಸುತ್ತಾಳೆ. ಅದು ಬೆರಕೆ ಸೊಪ್ಪು. ಅದರ ಹೆಸರು ಕೇಳಿದರೆ ಮಣ್ಣು ಮುಟ್ಟದ ಮನೆಯವರಿಗೂ ಬಾಯಲ್ಲಿ ನೀರೂರುತ್ತದೆ. ಅದರಲ್ಲಿ ಯಾವ ಎಲೆ ಅಸಲಿ, ಯಾವುದು ಕಲಬೆರಕೆ ಎಂದು ಈವರೆಗೆ ಯಾರೂ ಕೇಳಿಲ್ಲ. ಯಾವುದನ್ನು ಕುಯ್ಯಬೇಕು, ಯಾವುದನ್ನು ಬಿಡಬೇಕು ಎಂದು ಆರಿಸಿದವಳು ಅವ್ವ. ಆ ಮರದ ಕೆಳಗಿನವರೂ ಆರಿಸಿಕೊಂಡಿದ್ದಾರೆ. ಪಾದ್ರಿಗಳದ್ದರಲ್ಲೂ ಬಿಟ್ಟಿದ್ದಾರೆ, ಅಜ್ಜಂದಿರದ್ದರಲ್ಲೂ ಬಿಟ್ಟಿದ್ದಾರೆ. ಇಷ್ಟು ವರ್ಷ ನಾನು ತುಪ್ಪದ ಅಂಗಡಿಯಲ್ಲಿ ಕೂತು ಅವರ ಸೊಪ್ಪನ್ನು ಪರೀಕ್ಷೆ ಮಾಡುತ್ತಿದ್ದೆ.”

ಪ್ರಶ್ನೆಗಳ ಸಮಯದಲ್ಲಿ ಕನ್ನಡಕದ ಒಬ್ಬ ಹಿರಿಯರು, “ಹಾಗಾದರೆ ಮೂಲ ಎಲೆಯನ್ನು ಗುರುತಿಸುವುದು ಹೇಗೆ?” ಎಂದು ಕೇಳಿದರು. ನಾನು ಹೇಳಿದ್ದೇನೂ ಅವರ ಕಿವಿಗೆ ಬಿದ್ದಿರಲಿಲ್ಲ. ಪ್ರೊಫೆಸರ್ ಆಲನ್ ಕೆಮ್ಮಿ ನಗು ನುಂಗಿದರು.

ಆಮೇಲೆ ರುಡೊ ಕೈ ಎತ್ತಿದಳು. ಎದ್ದು ನಿಂತಳು. “ಬೇಯಿಸಿದ ಮೇಲೆ ನೀರನ್ನು ಚೆಲ್ಲುತ್ತೀರಾ?”

ಇದು ಪರೀಕ್ಷೆಯ ಪ್ರಶ್ನೆ ಎಂದು ನನಗೆ ಗೊತ್ತಾಯಿತು. “ಚೆಲ್ಲುವುದೇ? ಆ ಕಟ್ಟೇ ಸಾರು.”

ಅವಳು ಕೂತಳು. ತಲೆ ತಗ್ಗಿಸಲಿಲ್ಲ.

ಹೊರಗೆ ಫೋನ್ ಬೂತಿನಲ್ಲಿ ಅವಳು ಕಾರ್ಡು ತೂರಿಸಿ ಅಮ್ಮನಿಗೆ ಹಚ್ಚಿದಳು. ನಾನು ಗಾಜಿನ ಹೊರಗೆ ನಿಂತೆ. ಅವಳು ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಹೇಳಿದಳು. ನಡುವೆ ಕೈಯಲ್ಲಿ ಸೊಪ್ಪು ಚಿವುಟುವ ಹಾಗೆ ಮಾಡಿದಳು. ಆಮೇಲೆ ಬಾಗಿಲು ತೆರೆದು ರಿಸೀವರನ್ನು ನನ್ನತ್ತ ಚಾಚಿದಳು.

“ನೀನು ನಮ್ಮನ್ನು ತರಕಾರಿ ಅಂದೆಯಂತೆ” ಎಂದಿತು ಮಾಯಿ ರುಡೊ ಅವರ ದನಿ.

“ಹೌದು.”

“ಅಷ್ಟು ಜನ ದೊಡ್ಡವರ ಮುಂದೆ.”

“ಹೌದು.”

ಕಾರ್ಡಿನ ದುಡ್ಡು ಇಳಿಯುವುದು ಫೋನಿನ ಪುಟ್ಟ ಪರದೆಯಲ್ಲಿ ಕಾಣುತ್ತಿತ್ತು.

“ಅದರಲ್ಲಿ ಗಣಿಕೆ ಇರುತ್ತದೆಯೇ? ನಾನು ಶಾಲೆಯ ಬೇಲಿಯಲ್ಲಿ ಕುಯ್ಯುತ್ತೇನಲ್ಲ, ಆ ಎಲೆ?”

“ಅದಿಲ್ಲದೆ ಆಗುವುದೇ ಇಲ್ಲ.”

“ಸರಿ ಹಾಗಾದರೆ” ಎಂದರು. ಹಿಂದೆ ಯಾರೋ ಹೆಂಗಸರು ನಕ್ಕದ್ದು ಕೇಳಿಸಿತು. “ಊರಿಗೆ ಹೋಗುವಾಗ ಪರ್ತಿನ ಮೇಲೇ ತಾನೇ ಹೋಗುವುದು? ಶನಿವಾರ ನೋಡಿಕೊಂಡು ಬಾ. ಸಾಡ್ಜಾ ಮಾಡಿರುತ್ತೇನೆ.”

ಬರುತ್ತೇನೆ ಎಂದೆ.

“ಒಂದು ಮಾತು. ನಿನ್ನ ಬೆನ್ನಿಗೆ ಗುದ್ದಿ ಗುದ್ದಿ ನನ್ನ ಕೈ ಇನ್ನೂ ನೋಯುತ್ತಿದೆ. ಈ ಸಲ ಅಗಿದು ತಿನ್ನು, ಮೈನಿನಿ.”